ಹಾಡಿನ ಪಾಸ್‌ವರ್ಡ್ ಬದಲಿಸಿದ ವಾರ

ಶಹಾಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲಿ ಓಡಾಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಕಚೇರಿಯಲ್ಲಿ ನಾನು ಗುಮಾಸ್ತೆ. ಮನೆಯಲ್ಲಿ ರೊಟ್ಟಿ ಬಡಿಯುವುದು, ಕಚೇರಿಯಲ್ಲಿ ಕಡತ ಕಟ್ಟುವುದು. ಎರಡರ ನಡುವಿನ ಒಂದು ತಾಸು ಮಾತ್ರ ನನ್ನ ಸ್ವಂತದ್ದು. ಕಿಟಕಿ ಪಕ್ಕದ ಸೀಟು ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಭೀಮಾ ಸೇತುವೆ ದಾಟುವವರೆಗೂ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಕೈಕೆಳಗಿನವಳೂ ಅಲ್ಲ. ಅದಕ್ಕೆಂದೇ ಹಾಡು ಕೇಳುವ ಆ್ಯಪಿಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆ. ನಡುವೆ ಜಾಹೀರಾತು ಬರಬಾರದು, ಅಷ್ಟೇ ನನ್ನ ಬೇಡಿಕೆ.

ಆ ಖಾತೆಯ ಪಾಸ್‌ವರ್ಡನ್ನು ಒಬ್ಬರಿಗೆ ಮಾತ್ರ ಕೊಟ್ಟಿದ್ದೆ, ನನ್ನ ಅಕ್ಕನಿಗೆ. ಅಕ್ಕನನ್ನು ಸುರಪುರದ ಹತ್ತಿರ ದೇವಾಪುರಕ್ಕೆ ಕೊಟ್ಟಿದೆ. ನನಗಿಂತ ಎಂಟು ವರ್ಷ ದೊಡ್ಡವಳು, ಶಾಲೆಗೆ ಹೋದವಳಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ನೆಲ್ಲು ಹಚ್ಚುವ ಹೆಣ್ಣಾಳುಗಳ ಗುಂಪಿನಲ್ಲಿ ಹೋಗುತ್ತಾಳೆ. ಹೋಗುತ್ತಾಳೆ ಎಂದರೆ ತಪ್ಪಾದೀತು, ಗುಂಪನ್ನು ನಡೆಸುತ್ತಿದ್ದಳು. ಹನ್ನೆರಡು ಹೆಂಗಸರು ಕೆಸರಿನಲ್ಲಿ ಸಾಲಾಗಿ ನಿಂತು, ಬಗ್ಗಿ, ಸಸಿ ಊರುತ್ತಾ ಹಿಂದಕ್ಕೆ ಸರಿಯುವಾಗ ಬದುವಿನ ಕಡೆಯ ಮೊದಲ ಜಾಗ ಅಕ್ಕನದು. ಅಲ್ಲಿ ನಿಂತವಳು ಪದ ಎತ್ತಬೇಕು. ಅವಳ ಪದ ಹೇಗೆ ಓಡುತ್ತದೋ ಹಾಗೆ ಹನ್ನೆರಡು ಮಂದಿಯ ಕೈಗಳು ಓಡುತ್ತವೆ. ಹೊಲದ ಯಜಮಾನ ಮಾತಾಡುವುದೂ ಅವಳೊಂದಿಗೇ. ಊಟಕ್ಕೆ ಯಾವಾಗ ಏಳಬೇಕು, ಇವತ್ತು ಇಷ್ಟಕ್ಕೇ ಸಾಕೋ ಬೇಡವೋ, ಎಲ್ಲ ಅವಳ ಬಾಯಿಂದಲೇ ಬರಬೇಕು. ಊರಿಗೊಬ್ಬಳೇ ಪದ್ಮಾವತಿ ಎಂದು ನಾನೇ ಅವಳನ್ನು ಕಾಡಿಸಿದ್ದುಂಟು.

ಎರಡು ವರ್ಷದ ಕೆಳಗೆ ಅಕ್ಕನ ಗಂಟಲಲ್ಲಿ ಗಡ್ಡೆ ಬೆಳೆಯಿತು. ತೆಗೆಯದೆ ಗತ್ಯಂತರವಿರಲಿಲ್ಲ. ದನಿಗೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಹಾಗೇ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳದ್ದು ಬರೀ ಉಸಿರಿನ ಮಾತು. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಎಲ್ಲ ತಿಳಿಯುತ್ತದೆ, ನಾಲ್ಕು ಮಾರು ದೂರ ಹೋದರೆ ತುಟಿ ಆಡುವುದಷ್ಟೇ ಕಾಣುತ್ತದೆ. ಆಪರೇಷನ್ ಆಗಿ ಮನೆಯಲ್ಲಿ ಮಲಗಿದ್ದಾಗ ಹೊತ್ತು ಹೋಗಲಿ ಎಂದು ಅವಳ ಫೋನಿಗೆ ನನ್ನ ಖಾತೆ ಹಾಕಿ, ಜನಪದ ಹಾಡುಗಳ ಪಟ್ಟಿಯೊಂದನ್ನು ಮಾಡಿಕೊಟ್ಟಿದ್ದೆ. ಎಲ್ಲಿ ಒತ್ತಬೇಕು ಎಂದು ತೋರಿಸಿದ್ದೆ. ಆಮೇಲೆ ಅದನ್ನು ಮರೆತುಬಿಟ್ಟೆ. ಕೊಟ್ಟ ಕೈಗೆ ನೆನಪು ಕಡಿಮೆ.

ಕಳೆದ ಮಳೆಗಾಲದಲ್ಲಿ ನನ್ನ ತಾಸಿಗೆ ಕುತ್ತು ಬಂತು. ಬಸ್ಸು ಶಹಾಪುರ ಬಿಟ್ಟು ಹತ್ತು ನಿಮಿಷ ಆಗಿರುವುದಿಲ್ಲ, ಹಾಡು ಟಕ್ಕನೆ ನಿಲ್ಲುತ್ತಿತ್ತು. ನಿಮ್ಮ ಖಾತೆ ಬೇರೆ ಫೋನಿನಲ್ಲಿ ನಡೆಯುತ್ತಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ಆ ಖಾತೆಯಲ್ಲಿ ಒಂದು ಸಲಕ್ಕೆ ಒಂದೇ ಫೋನಿಗೆ ಹಾಡು. ನಾನು ಮತ್ತೆ ಒತ್ತಿದರೆ ನನ್ನದು ಶುರುವಾಗುತ್ತಿತ್ತು, ಎರಡು ನಿಮಿಷಕ್ಕೆ ಆ ಫೋನಿನವರು ಕಿತ್ತುಕೊಳ್ಳುತ್ತಿದ್ದರು. ನಾನು ಮತ್ತೆ ಒತ್ತುತ್ತಿದ್ದೆ. ಯಾದಗಿರಿ ಮುಟ್ಟುವ ಹೊತ್ತಿಗೆ ಹಾಡು ಕೇಳಿದ್ದಕ್ಕಿಂತ ಗುದ್ದಾಡಿದ್ದೇ ಹೆಚ್ಚಾಗಿರುತ್ತಿತ್ತು. ಇತ್ತೀಚೆಗೆ ಏನೇನು ನುಡಿದಿದೆ ಎಂದು ನೋಡಿದರೆ ಅದೇ ಒಂದು ಕೋಲಾಟದ ಪದ, ಹನ್ನೊಂದು ಸಲ. ಇದು ಅಕ್ಕನ ಕೆಲಸವಲ್ಲ ಎಂದು ತೀರ್ಮಾನಿಸಿದೆ. ಒಂದೇ ಪದವನ್ನು ಹನ್ನೊಂದು ಸಲ ಯಾವ ಶಾಣ್ಯಾ ಮನುಷ್ಯರು ಕೇಳುತ್ತಾರೆ? ಭಾವ ದಿನಾ ಚಹಾ ಕುಡಿಯುವ ಹೊಟೇಲಿನವನಿಗೆ ಕೊಟ್ಟಿರಬೇಕು, ಅವನು ಗಿರಾಕಿಗಳಿಗೆ ಹಾಕಿಕೊಂಡು ಕೂತಿರಬೇಕು. ಹೀಗೆ ನನ್ನಷ್ಟಕ್ಕೆ ನಾನೇ ಕಳ್ಳನನ್ನು ಹುಡುಕಿ, ವಿಚಾರಣೆ ಮುಗಿಸಿ, ಶಿಕ್ಷೆಯನ್ನೂ ಬರೆದೆ. ಅಕ್ಕನಿಗೊಂದು ಮಾತು ಕೇಳೋಣ ಎನ್ನಿಸಲಿಲ್ಲ. ನಮ್ಮವ್ವ ಹೇಳುತ್ತಿದ್ದಳು, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು.

ಒಂದು ಸೋಮವಾರ ಸಂಜೆ ಕಚೇರಿ ಬಿಡುವ ಹೊತ್ತಿಗೆ, ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕೂರಿಸಿಕೊಂಡು ಪಾಸ್‌ವರ್ಡ್ ಬದಲಿಸಿದೆ. ಹಳೆಯದು ನಮ್ಮವ್ವನ ಎಮ್ಮೆಯ ಹೆಸರಾಗಿತ್ತು. ಹೊಸದಕ್ಕೆ ಅಂಕಿ ಬೇಕು, ದೊಡ್ಡಕ್ಷರ ಬೇಕು, ಎಂಥದೋ ಚಿಹ್ನೆ ಬೇಕು ಎಂದು ಅದು ಮೂರು ಸಲ ತಿರಸ್ಕರಿಸಿತು. ಸರಕಾರಿ ಅರ್ಜಿಯೇ ವಾಸಿ ಎಂದು ಇಬ್ಬರೂ ನಕ್ಕೆವು. ನಾಲ್ಕನೆಯ ಸಲ ಒಪ್ಪಿತು. ಏನು ಬರೆದೆ ಎನ್ನುವುದು ಇಲ್ಲಿ ಬೇಡ, ಹೊಟೇಲಿನವನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಕೊನೆಗೆ, ಎಲ್ಲ ಫೋನುಗಳಿಂದಲೂ ಹೊರಹಾಕಬೇಕೇ ಎಂದು ಕೇಳಿತು. ಹೊರಹಾಕು ಎಂದು ಒತ್ತಿದೆ. ನಿಜ ಹೇಳುತ್ತೇನೆ, ಖುಷಿಯಾಯಿತು.

ಆ ವಾರ ಬಸ್ಸಿನಲ್ಲಿ ಒಂದು ಸಲವೂ ಯಾರೂ ನನ್ನ ಹಾಡು ಕಿತ್ತುಕೊಳ್ಳಲಿಲ್ಲ. ಹೊರಗೆ ಮಳೆಗೆ ತೊಳೆದ ಬಂಡೆಗುಡ್ಡಗಳು, ಒಳಗೆ ಜಾಹೀರಾತಿಲ್ಲದ ಹಾಡು. ಕಂಡಕ್ಟರ್ ಕೂಡ ಕೇಳಿದ, ಏನ್ರಿ ಅಕ್ಕಾರ, ಈ ವಾರ ಮಾರಿ ನಗುತೈತಿ ಎಂದು.

ಭಾನುವಾರ ದೇವಾಪುರಕ್ಕೆ ಹೋಗುವುದಿತ್ತು. ಅಕ್ಕನ ಗಂಟಲಿನ ಗುಳಿಗೆಗಳನ್ನು ತಿಂಗಳಿಗೊಮ್ಮೆ ಯಾದಗಿರಿಯಿಂದ ನಾನೇ ಒಯ್ದು ಕೊಡುತ್ತೇನೆ. ಸುರಪುರದಲ್ಲಿ ಇಳಿದು, ಟಂಟಂ ಆಟೊ ಹಿಡಿದು ಊರು ಮುಟ್ಟಿದಾಗ ಮನೆಗೆ ಬೀಗ ಹಾಕಿತ್ತು. ಕಾಲುವೆ ಆಚೆಗಿನ ಹೊಲಕ್ಕೆ ಹೋಗ್ಯಾರ ಎಂದು ಪಕ್ಕದ ಮನೆಯಾಕೆ ಹೇಳಿದಳು. ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದೆ.

ದೂರದಿಂದಲೇ ಪದ ಕೇಳಿಸಿತು. ಗಟ್ಟಿ ದನಿ, ಹೆಣ್ಣಿನ ದನಿ. ಸಾಲು ಕಂಡಿತು. ಬದುವಿನ ಕಡೆಯ ಮೊದಲ ಜಾಗದಲ್ಲಿ ಹಸಿರು ಸೀರೆಯ, ಯಾರದೋ ಮನೆಯ ಎಳೆ ಸೊಸೆ ನಿಂತು ಹಾಡುತ್ತಿದ್ದಳು. ಅಕ್ಕ ಎಲ್ಲಿ ಎಂದು ಒಬ್ಬೊಬ್ಬರನ್ನೇ ನೋಡುತ್ತಾ ಹೋದೆ. ಹನ್ನೆರಡನೆಯವಳು, ಆ ಕೊನೆಗೆ, ನೀರು ಮೊಣಕಾಲಿಗೆ ಬರುವ ತಗ್ಗಿನಲ್ಲಿ ನಿಂತವಳು ಅಕ್ಕ. ಹೊಸಬರನ್ನು ನಿಲ್ಲಿಸುವ ಜಾಗ ಅದು.

ಸಸಿಯ ಸಿವುಡು ಹೊತ್ತು ಹಾಕುವ ಮುದುಕಿಗೆ ನನ್ನ ಗುರುತಿತ್ತು. ಬದುವಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಾ ಎಲ್ಲವನ್ನೂ ಅವಳೇ ಹೇಳಿದಳು. ದನಿ ಹೋದ ಮೇಲೂ ಅಕ್ಕ ತನ್ನ ಜಾಗ ಬಿಟ್ಟಿರಲಿಲ್ಲವಂತೆ. ಫೋನಿಗೆ ಪ್ಲಾಸ್ಟಿಕ್ ಸುತ್ತಿ, ಖಾಲಿ ಸ್ಟೀಲ್ ಕೊಡದಲ್ಲಿ ಇಳಿಸಿ ಬದುವಿನ ಮೇಲಿಟ್ಟರೆ ಹೊಲದ ತುಂಬ ಕೇಳುತ್ತಿತ್ತು. ಯಾವ ಹೊಲಕ್ಕೆ ಯಾವ ಪದ, ಬಿಸಿಲೇರಿದ ಮೇಲೆ ಯಾವುದು, ಎಲ್ಲ ಅಕ್ಕನೇ ಕೈಸನ್ನೆಯಿಂದ ಹೇಳುವಳು, ಈ ಮುದುಕಿ ಒತ್ತುವಳು. ಕೈಯ ಓಟಕ್ಕೆ ಸರಿಹೊಂದುವ ಪದವೊಂದಿತ್ತು, ಅದನ್ನೇ ಮತ್ತೆ ಮತ್ತೆ ಹಾಕಿಸುವಳು. ಬಿಟ್ಟಿ ಹಾಡು ಹಾಕಿ ನೋಡಿದ್ದರಂತೆ, ನಡುನಡುವೆ ಸಿಮೆಂಟು ಮಾರುವವನು ಬಂದು ಕೂಗಿದರೆ ಹನ್ನೆರಡು ಕೈ ತಪ್ಪಿ ಸಾಲು ಸೊಟ್ಟಾಗುತ್ತಿತ್ತಂತೆ. ದುಡ್ಡು ಕಟ್ಟಿದ ಹಾಡೇ ಬೇಕಿತ್ತು ಅವರಿಗೂ.

ಮುಂಜಾನೆ ಒಂದೊಂದು ಸಲ ಕೊಡದಲ್ಲಿ ಹಾಡು ನಿಂತುಬಿಡುತ್ತಿತ್ತು. ಆಗ ಅಕ್ಕ ನಗುತ್ತಿದ್ದಳಂತೆ. ಸಾಲಿನ ಹೆಂಗಸರೆಲ್ಲ ಅವಳಿಗೆ ಹೇಳುತ್ತಿದ್ದ ಮಾತನ್ನು ಮುದುಕಿ ನನಗೆ ಒಪ್ಪಿಸಿದಳು: “ನಿನ್ ತಂಗಿ ಬಸ್ ಹತ್ತ್ಯಾಳ ನೋಡು.” ಹಾಗೆ ಹೇಳಿ ಬೆನ್ನು ನೆಟ್ಟಗೆ ಮಾಡಿಕೊಂಡು, ಒಂದಿಷ್ಟು ಹೊತ್ತು ನನಗೆ ಬಿಟ್ಟುಕೊಟ್ಟು, ಆಮೇಲೆ ಮತ್ತೆ ಒತ್ತುತ್ತಿದ್ದರಂತೆ. ಹೊಟೇಲಿನವನ ಹೆಸರು ಎಲ್ಲೂ ಬರಲಿಲ್ಲ. ಪಾಪ, ಆ ಮನುಷ್ಯನಿಗೆ ನನ್ನ ಮನಸ್ಸಿನಲ್ಲಿ ಎಷ್ಟು ಬೈದಿದ್ದೆ.

ಮಂಗಳವಾರ ಮುಂಜಾನೆ ಫೋನು ಪಾಸ್‌ವರ್ಡ್ ಕೇಳಿತು. ಓದುಬರಹ ಬಲ್ಲವಳೊಬ್ಬಳಿಂದ ಎಮ್ಮೆಯ ಹೆಸರು ಒತ್ತಿಸಿದರು, ತಪ್ಪು ಎಂದಿತು. ಅವತ್ತು ಹನ್ನೆರಡು ಮಂದಿ ಸುಮ್ಮನೆ ಹಚ್ಚಿದರು. ಒಬ್ಬಳು ಮುಂದೆ, ಒಬ್ಬಳು ಹಿಂದೆ ಆಗಿ ಮಧ್ಯಾಹ್ನಕ್ಕೆ ಅರ್ಧ ಹೊಲವೂ ಆಗಲಿಲ್ಲ. ಬುಧವಾರವೂ ಹಾಗೇ. ಯಜಮಾನ ಬಂದು ಬದುವಿನ ಮೇಲೆ ನಿಂತು ನೋಡಿದ. ಗುರುವಾರ ಆ ಹಸಿರು ಸೀರೆಯವಳು ತಾನು ನಿಂತಲ್ಲಿಂದಲೇ ಒಂದು ಪದ ಎತ್ತಿದಳು, ಸಾಲು ಹಿಂದೆಯೇ ಓಡಿತು. ಶುಕ್ರವಾರ ಮುಂಜಾನೆ ಅಕ್ಕ ತಾನಾಗಿಯೇ ಬದುವಿನ ಪಕ್ಕದ ಮೊದಲ ಜಾಗ ಬಿಟ್ಟು, ಆ ಕೊನೆಗೆ ಹೋಗಿ ನಿಂತಳು. ಯಾರೂ ಹೋಗೆನ್ನಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಆ ಜಾಗದ ಕಟ್ಟಳೆ ಅಷ್ಟು. ಒಮ್ಮೆ ಬಿಟ್ಟವಳು ಆ ಹಂಗಾಮು ಮುಗಿಯುವವರೆಗೂ ಮತ್ತೆ ಕೇಳುವಂತಿಲ್ಲ. ಮುಂದಿನ ಹಂಗಾಮಿಗೆ ಯಾರು ನಿಲ್ಲಬೇಕೆನ್ನುವುದು ಆಗ ದನಿ ಇದ್ದವರ ಮಾತು.

ಊಟಕ್ಕೆ ಎದ್ದಾಗ ಅಕ್ಕ ಕಾಲುವೆಯಲ್ಲಿ ಕೈಕಾಲು ತೊಳೆದು ನನ್ನ ಹತ್ತಿರ ಬಂದು ಕೂತಳು. ರೊಟ್ಟಿ ಬಿಚ್ಚಿ ಮೊದಲು ನನ್ನ ಕೈಗಿಟ್ಟಳು. ಪಾಸ್‌ವರ್ಡ್ ಬದಲಿಸಿದವಳು ನಾನೇ ಎಂದು ಹೇಳಿದೆ, ಹೊಟೇಲಿನವನ ಕಥೆಯನ್ನೂ ಹೇಳಿದೆ. ಅವಳು ತಲೆಯಾಡಿಸಿದಳು, ಸಿಟ್ಟಾಗಲಿಲ್ಲ. ಅವಳ ಫೋನು ತೆಗೆದುಕೊಂಡು ಹೊಸ ಪಾಸ್‌ವರ್ಡನ್ನು ನಾನೇ ಒತ್ತಿದೆ. ಪಟ್ಟಿ ಬಂತು, ಕೋಲಾಟದ ಪದ ಮೇಲೆಯೇ ಇತ್ತು. ಇನ್ನು ಮುಂದೆ ಬಸ್ಸಿನಲ್ಲಿ ನಾನು ಕೇಳುವುದೇ ಇಲ್ಲ, ಇದು ಪೂರ್ತಿ ನಿನಗೇ ಇರಲಿ ಎಂದೆ. ಅವಳು ಹಾಡು ಒತ್ತಲಿಲ್ಲ. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು, ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು.

“ಈ ಹಂಗಾಮು ಹೋತು ಬಿಡು, ತಂಗಿ. ಆಕಿ ಚಲೋ ಹಾಡ್ತಾಳ.”

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ಇಲ್ಲಿ ಕೋಪ ನನ್ನದು, ಮೂಗು ಅವಳದು. ಆ ಸಂಕಟವೂ ನನ್ನ ಬಾಯಲ್ಲಿ ಸಿಟ್ಟಾಗಿಯೇ ಬಂತು. ಮಂಗಳವಾರವೇ ನನಗೊಂದು ಫೋನ್ ಮಾಡಿದ್ದರೆ ನಿಂತ ನಿಲುವಿನಲ್ಲಿ ಸರಿಮಾಡುತ್ತಿದ್ದೆನಲ್ಲ, ಭಾವನ ಕೈಲಾದರೂ ಮಾಡಿಸಬಾರದಿತ್ತೇ ಎಂದು ಜೋರು ಮಾಡಿದೆ. ಅವರಿಗೆ ಹೇಳಿಲ್ಲ ಎಂದು ಅವಳು ಕೈಯಾಡಿಸಿದಳು. ಜಾಗ ಹೋಗುತ್ತಿದೆ ಎಂದು ಗಂಡನೆದುರು ಹೇಳಿಕೊಳ್ಳುವವಳಲ್ಲ ಅವಳು. ನಾನು ಬಿಡಲಿಲ್ಲ.

“ಮತ್ತ ನೀನರ ಮಾಡಬೇಕಿಲ್ಲೇನು? ಬಾಯಿ ಇಲ್ಲೇನು ನಿನಗ?”

ಅಂದ ಮೇಲೆ ಏನಂದೆ ಎಂದು ತಿಳಿಯಿತು. ಎಲೆಯಡಿಕೆ ಅಗಿಯುತ್ತಿದ್ದ ಮುದುಕಿ ಅಗಿಯುವುದನ್ನು ನಿಲ್ಲಿಸಿದಳು. ಅಕ್ಕ ಮಾತ್ರ ಮುಖ ಬದಲಿಸಲಿಲ್ಲ. ಫೋನಿನಲ್ಲಿ ಏನನ್ನೋ ತೆರೆದು ನನ್ನ ಕೈಗೆ ಕೊಟ್ಟಳು. ಅವಳು ಮಾಡಿದ ಕರೆಗಳ ಪಟ್ಟಿ. ಅಕ್ಷರ ಬಾರದವಳಾದ್ದರಿಂದ ನನ್ನ ಹೆಸರಿನ ಜಾಗದಲ್ಲಿ ನನ್ನ ಫೋಟೊ ಇತ್ತು. ಮಂಗಳವಾರ ಎರಡು ಸಲ, ಬುಧವಾರ ಒಂದು ಸಲ, ಮೂರೂ ಮುಂಜಾನೆಯವು.

“ಮಾಡಿದ್ನಲ್ಲ,” ಎಂದಳು ಉಸಿರಿನಲ್ಲಿ. “ಹೇಳಿದ್ನಿ. ನಿನಗ ಕೇಳಸಲಿಲ್ಲ.”

ನೆನಪಾಯಿತು. ಬಸ್ಸು ಓಡುತ್ತಿತ್ತು. ಪರದೆಯ ಮೇಲೆ ಅಕ್ಕನ ಹೆಸರು ಬಂದಿತ್ತು. ಆಪರೇಷನ್ ಆದಾಗಿನಿಂದ ಅವಳು ಫೋನು ಮಾಡುವುದನ್ನೇ ಬಿಟ್ಟಿದ್ದಳು, ಏನಿದ್ದರೂ ಭಾವನೇ ತಮ್ಮ ಫೋನಿನಿಂದ ಹೇಳುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ್ದು ತಾನಾಗಿಯೇ ಒತ್ತಿಕೊಂಡಿರಬೇಕು ಎಂದುಕೊಂಡೆ. ಮೂರು ಸಲವೂ ಎತ್ತಿದೆ, ಹಲೋ ಹಲೋ ಎಂದೆ, ಗಾಳಿಯ ಸದ್ದು ಕೇಳಿತು, ಇಟ್ಟುಬಿಟ್ಟೆ. ಇಟ್ಟ ಕೂಡಲೇ ನನ್ನ ಹಾಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುವಾಗಿತ್ತು.