ಹಿಂದೆ ನಿಂತವನ ದಪ್ಪ ತಂತಿ

ಇದು ನಡೆದಾಗ ನನಗೆ ಐವತ್ತಾರು. ಅದಕ್ಕೀಗ ಹದಿನೈದು ವರ್ಷವಾಯಿತು. ಕಿವಿ ಮಾತ್ರ ಅದಕ್ಕೂ ಮೊದಲೇ ಹೋಗಿತ್ತು. ಬನಹಟ್ಟಿಯಲ್ಲಿ ಪವರ್‌ಲೂಮಿನ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತ ಮುದುಕಿಯಾದವರಿಗೆ ಕಿವಿ ಹೋಗುವುದು ಹಲ್ಲು ಹೋದಷ್ಟೇ ಸಹಜ, ಅದಕ್ಕೆ ಯಾರೂ ಅಳುವುದಿಲ್ಲ. ಹೋಗುವುದೂ ಪೂರಾ ಹೋಗುವುದಿಲ್ಲ. ಮೊದಲು ಗುಬ್ಬಿ ಹೋಗುತ್ತದೆ, ಆಮೇಲೆ ಬಳೆ, ಆಮೇಲೆ ಸೊಸೆಯ ಗೊಣಗಾಟ. ಕೊನೆಯದು ಲಾಭವೇ. ಉಳಿಯುವುದು ದಪ್ಪ ಸದ್ದು: ಗುಡುಗು, ಟ್ರ್ಯಾಕ್ಟರು, ಬೀಸುವ ಕಲ್ಲು. ಹೀಗಾಗಿ ಹಾಡಿನ ಕಾರ್ಯಕ್ರಮಕ್ಕೆ ಹೋದರೆ ಮುಂದೆ ನಿಂತು ಹಾಡುವವನು ನನ್ನ ಪಾಲಿಗೆ ಬಾಯಿ ತೆರೆದು ಮುಚ್ಚುವ ಮೀನು. ಕೇಳುವವನು ಒಬ್ಬನೇ, ಹಿಂದೆ ಪರದೆಗೆ ಬೆನ್ನು ಹಚ್ಚಿ ನಿಂತವನು.

ಆ ಹಿಂದೆ ನಿಂತವನು ನಮ್ಮಣ್ಣನ ಮಗ ಶಂಕರ. ದಿನಾ ಮಗ್ಗ ನಡೆಸುತ್ತಿದ್ದ, ಮದುವೆ ಮುಂಜಿ ಬಂದರೆ ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ಬಾರಿಸುತ್ತಿದ್ದ. ಬೇರೆ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಆದರೆ ಒಂದೊಂದೂ ಬಾವಿ ಹಗ್ಗದ ತಮ್ಮನಂತೆ ದಪ್ಪ. ಅವನಿಗೆ ಹೊರದೇಶದ ರಾಕ್ ಹಾಡುಗಳ ಹುಚ್ಚು. ಕೊಲ್ಹಾಪುರದಿಂದ ಹಳೆ ಕ್ಯಾಸೆಟ್ ತಂದು, ಮನೆ ಮುಂದಿನ ಹಾಸುಗಲ್ಲಿನ ಮೇಲೆ ಟೇಪ್ ಇಟ್ಟು, ನನ್ನನ್ನೂ ಅದೇ ಕಲ್ಲಿನ ಮೇಲೆ ಕೂಡಿಸುತ್ತಿದ್ದ. ಕಿವಿಗೆ ಬಾರದ್ದು ಕಲ್ಲಿನಿಂದ ಏರಿ ಬರುತ್ತಿತ್ತು. ಭಾಷೆ ತಿಳಿಯುವ ಕಾಟವೂ ಇಲ್ಲ.

ಒಂದು ದಿನ ಅವನು, “ಅತ್ತಿ, ಈ ದಪ್ಪ ತಂತಿಯಾಂವನ್ನ ತಗದ್ರ ಹಾಡೆಲ್ಲಾ ಕುಂಟತೈತಿ. ಆದ್ರ ಇವನ ಹೆಸರು ಜಗತ್ತಿಗೇ ಗೊತ್ತಿಲ್ಲ” ಎಂದ.

“ನಿನಗರ ಗೊತ್ತೈತೇನು?” ಎಂದೆ.

ಕ್ಯಾಸೆಟ್ಟಿನೊಳಗಿನ ಕಾಗದ ತೆಗೆದು ತಿರುವಿ ತಿರುವಿ ನೋಡಿದ. ಅವನಿಗೂ ಗೊತ್ತಿರಲಿಲ್ಲ. ಕಾಗದದಲ್ಲಿ ಉದ್ದ ಕೂದಲಿನವರ ಫೋಟೊ ಇತ್ತು. ಹಾಡುವವನು ಅಂಗಿ ಗುಂಡಿ ಬಿಚ್ಚಿಕೊಂಡು ನಡುವೆ ನಿಂತಿದ್ದ. ದಪ್ಪ ತಂತಿಯವನು ಅಂಚಿನಲ್ಲಿದ್ದ. ಕಾಗದ ಮಡಿಚಿದ ಗೆರೆ ಸರಿಯಾಗಿ ಅವನ ಮುಖದ ಮೇಲೇ ಬಿದ್ದು ಮೂಗು ಸವೆದು ಹೋಗಿತ್ತು.

ಇದು ಅವರ ದೇಶದ ರೋಗ ಮಾತ್ರವಲ್ಲ. ನಮ್ಮ ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸುವಾಗ ನೋಡಿ. ಎಲ್ಲರ ಕಣ್ಣು ಕೋಲು ಬೀಳುವ ಬದಿಗೆ. ಅಂಗೈ ಬೀಳುವ ಬದಿಯಿಂದ ಎದೆ ನಡುಗಿಸುವ ಸದ್ದು ಬರುತ್ತದೆ, ಆ ಕೈಯನ್ನು ಯಾರು ನೋಡುತ್ತಾರೆ? ಹಿಪ್ಪರಗಿ ಬ್ಯಾರೇಜು ಕಟ್ಟಿದ ಮೇಲೆ ಮಂದಿ ಹಿಂಡು ಹಿಂಡಾಗಿ ಹೋಗಿ ಗೇಟು ನೋಡಿ ಬಂದರು. ನೀರಿನಡಿಯ ಕಲ್ಲನ್ನು ನೋಡಿ ಬಂದೆ ಎಂದವನು ನನಗಿನ್ನೂ ಸಿಕ್ಕಿಲ್ಲ. ನಾನೂ ಹಾಗೇ ಇದ್ದೆ. ಕೌದಿ ಹೊಲಿಯುವಾಗ ಛಲೋ ಬಟ್ಟೆ ಮೇಲೆ, ಹರಕು ಚಿಂದಿ ಒಳಗೆ. ನೋಡುವವರು ಮೇಲಿನದನ್ನು ಹೊಗಳುತ್ತಾರೆ, ಬೆಚ್ಚಗಿಡುವುದು ಒಳಗಿನದು. ಆಗ ಶಂಕರನಿಗಾಗಿಯೇ ಒಂದು ಕೌದಿ ಹಿಡಿದಿದ್ದೆ. ನನ್ನ ಮದುವೆಯ ಇಳಕಲ್ ಸೀರೆಯನ್ನು ಅದರ ಮೇಲ್ಬದಿಗೆಂದು ಎತ್ತಿಟ್ಟಿದ್ದೆ.

ಹೀಗಿರುವಾಗ ಆರ್ಕೆಸ್ಟ್ರಾದ ಮಾಲಕ ಈರಣ್ಣ ಹೊಸ ಕೀಬೋರ್ಡ್ ತಂದ. ಅದರ ಎಡಗಡೆಯ ಪಟ್ಟಿ ಒತ್ತಿದರೆ ಬೇಸ್ ಗಿಟಾರಿನ ಸದ್ದೇ ಬರುತ್ತದಂತೆ. ಇನ್ನು ಒಬ್ಬ ಮನುಷ್ಯ ಯಾಕೆ ಎಂದು ಲೋಕಾಪುರದ ಮದುವೆಗೆ ಶಂಕರನನ್ನು ಬಿಟ್ಟು ಹೋದರು. ಅಲ್ಲಿ ಮಂದಿ ಕುಣಿದರು, ಸೀಟಿ ಹೊಡೆದರು. ನಿಮ್ಮ ಇನ್ನೊಬ್ಬ ಹುಡುಗ ಎಲ್ಲಿ ಎಂದು ಒಂದು ನಾಯಿಯೂ ಕೇಳಲಿಲ್ಲ. ಶಂಕರ ಗಿಟಾರನ್ನು ಹಳೆ ಧೋತರದಲ್ಲಿ ಸುತ್ತಿ ನನ್ನ ಹೊರಸಿನ ಕೆಳಗೆ ತಳ್ಳಿದ. ಮುಂದೆ ಬರಲಿದ್ದ ಬನಹಟ್ಟಿಯ ಮದುವೆಯೂ ತಾನಿಲ್ಲದೆ ಸಾಗಿದರೆ ಜಮಖಂಡಿಯವರೊಬ್ಬರಿಗೆ ಅದನ್ನು ಕೊಟ್ಟುಬಿಡುತ್ತೇನೆ ಎಂದ. ಹಾಸುಗಲ್ಲಿನ ಮೇಲೆ ಟೇಪ್ ಇಡುವುದನ್ನೂ ಬಿಟ್ಟ. ನಾನು ಖಾಲಿ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿದೆ.

ಬನಹಟ್ಟಿಯ ಮದುವೆ ನೇಕಾರರ ಮನೆಯದು. ಅಕ್ಷತೆ ಮುಗಿದು ಮಧ್ಯಾಹ್ನ ಆರ್ಕೆಸ್ಟ್ರಾ ಹೂಡಿದ್ದರು. ಶಂಕರ ಹಿಂದೆ ಪಂಕ್ತಿಯಲ್ಲಿ ಬುಂದಿ ಬಡಿಸುತ್ತಿದ್ದ. ನಾನು ಮುಂದಿನ ಸಾಲಿನಲ್ಲೇ ಕೂತೆ. ವೇದಿಕೆಯ ಮೇಲೆ ಹುಡುಗರು ತೂಗಾಡಿದರು, ಹಾಡುವವನು ಮೀನಾದ, ನಾನು ಮೈಕು ಪರೀಕ್ಷೆ ಮಾಡುತ್ತಿದ್ದಾರೆಂದು ಕಾದೆ. ಎಷ್ಟು ಕಾದರೂ ಏನೂ ಶುರುವಾಗಲಿಲ್ಲ. ಕೊನೆಗೆ ಎದ್ದು ಹೋಗಿ ಕೇಳಿದೆ.

“ಈರಣ್ಣ, ಹಾಡು ಯಾವಾಗ ಚಾಲೂ ಮಾಡ್ತೀಯೋ? ಮಂದಿ ಊಟಕ್ಕ ಏಳಾಕತ್ತಾರ.”

ಅವನು ಬಗ್ಗಿ ನನ್ನ ಕಿವಿಯಲ್ಲಿ ಕೂಗಿದ. “ಕಾಕು, ನಾಕನೇ ಹಾಡು ನಡದೈತಿ.”

ತಿರುಗಿ ನೋಡಿದೆ. ಅವನೂ ನೋಡಿದ. ಚಪ್ಪರದ ತುಂಬ ಮಗ್ಗದವರು, ಎಲ್ಲರದೂ ನನ್ನದೇ ಕಿವಿ. ಸೊಂಟಕ್ಕೆ ಟವೆಲ್ ಬಿಗಿದು ಕುಣಿಯಲು ತಯಾರಾದವರು ಎಲೆಯಡಿಕೆ ಹಾಕಿಕೊಂಡು ಹಾಡಿಗಾಗಿ ಕಾಯುತ್ತ ಕೂತಿದ್ದರು. ಲೋಕಾಪುರದವರು ಕಬ್ಬು ಬೆಳೆಯುವ ಮಂದಿ, ಕಿವಿ ನೆಟ್ಟಗಿದ್ದವು, ಅವರಿಗೆ ಸಾಕಾಗಿತ್ತು. ಇಲ್ಲಿ ಕೀಬೋರ್ಡಿನ ಹುಡುಗನ ಎರಡೂ ಕೈ ಹಾಡಿನ ಬೆನ್ನು ಹತ್ತಿ ಓಡುತ್ತಿದ್ದವು. ದಪ್ಪ ಸದ್ದಿನ ಪಟ್ಟಿ ಒತ್ತಬೇಕಾದ ಎಡಗೈ ತನ್ನ ಕೆಲಸವನ್ನೇ ಮರೆತಿತ್ತು.

ಈರಣ್ಣ ಮೈಕಿನಲ್ಲೇ ಶಂಕರನನ್ನು ಕರೆದ. ಅದೂ ಯಾರಿಗೂ ಕೇಳಲಿಲ್ಲ. ನಾನೇ ಹೋಗಿ ಅವನ ಕೈ ಹಿಡಿದೆ.

“ಬುಟ್ಟಿ ಇಡಲೇ. ಅಲ್ಲಿ ಕರ್ಯಾಕತ್ತಾರ.”

“ನಾ ಯಾರಿಗೆ ಬೇಕಾಗೇನಿ ಅತ್ತಿ?”

“ನನಗ ಬೇಕು. ನೀ ಇಲ್ಲಂದ್ರ ನಾ ಬರೇ ಬಾಯಿ ತೆಗಿಯೋ ಮೀನ ನೋಡಿಕೋತ ಕುಂಡ್ರಬೇಕು.”

ಅವನು ಬುಂದಿ ಹತ್ತಿದ ಕೈ ಒರೆಸಿಕೊಂಡು ಮನೆಗೆ ಓಡಿ ಗಿಟಾರು ತಂದ. ಮೊದಲ ತಂತಿ ಮೀಟಿದ್ದೇ ತಡ, ಅಂಗಾಲಿನಿಂದ ಹಾಡು ಏರಿತು. ಮುದುಕರು ಬಾಯಿಯ ಎಲೆಯಡಿಕೆ ಉಗುಳಿ ಎದ್ದರು. ಚಪ್ಪರದ ಕಂಬ ಅಲುಗುವಷ್ಟು ಕುಣಿದರು. ನನ್ನ ಪಕ್ಕದ ಮುದುಕಿ ನನ್ನ ತೊಡೆ ಬಡಿದು, ಈಗ ನೋಡವ್ವ ಹಾಡುವವನ ಗಂಟಲು ತೆರೆಯಿತು ಎಂದು ಕಿವಿಯಲ್ಲಿ ಕೂಗಿದಳು. ಮಾಲೆಯನ್ನೂ ಆ ಹಾಡುವವನಿಗೇ ಹಾಕಿದರು.

ಮುಧೋಳದ ಮದುವೆಗೆ ಲಗೂ ಬಾ ಎಂದಷ್ಟೇ ಈರಣ್ಣ ಶಂಕರನಿಗೆ ಹೇಳಿದ. ಸಿಟ್ಟು ಬಂದದ್ದು ನನಗೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ಬೈದೆ, ಹಾಡುವವನನ್ನು, ಮಾಲೆಯನ್ನು, ಕಿವುಡ ಮುದುಕಿಯರನ್ನು. ಶಂಕರ ನಕ್ಕು, “ಕುಣದ್ರಲ್ಲ ಅತ್ತಿ ಮಂದಿ. ಅಷ್ಟ ಸಾಕು” ಎಂದ. ಟೇಪನ್ನು ಮತ್ತೆ ಹಾಸುಗಲ್ಲಿನ ಮೇಲಿಟ್ಟ.

ಮರುದಿನ ಬೆಳಿಗ್ಗೆ ಎದ್ದು ಕೌದಿ ಬಿಚ್ಚಿದೆ. ನನ್ನ ಇಳಕಲ್ ಸೀರೆಯನ್ನು ನಡುವೆ ಹಾಸಿ, ಮೇಲೆ ಕೆಳಗೆ ಹಳೆ ಬಟ್ಟೆ ಹಾಕಿ, ನಾಲ್ಕೂ ಕಡೆ ಹೊಲಿದುಬಿಟ್ಟೆ. ಒಳಗೆ ಏನೈತಿ ಎಂದು ಸೊಸೆ ಕೇಳಿದಳು. ಚಿಂದಿ ಎಂದೆ.