ಬಾಗಿಲಕ್ಕ ಗೀಟು ಎಳೆಯದ ಕಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಮಾಡಿನ ಉದ್ದನೆಯ ಶೆಡ್ಡಿನಲ್ಲಿ ಹೊಸ ಕಾರುಗಳು ಸಾಲಾಗಿ ನಿಂತಿವೆ. ಮೊದಲ ಕಾರಿನ ಪಕ್ಕ ಒಬ್ಬ ಹೆಂಗಸು ಒದ್ದೆ ಬಟ್ಟೆ ಹಿಡಿದು ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯನ್ನು ಒರೆಸುತ್ತಿದ್ದಾರೆ. ಮೇಲಿನಿಂದ ಕೆಳಗೆ, ಮೂಲೆಗೆ ಬೆರಳು ತೂರಿಸಿ, ಮತ್ತೆ ಮೇಲಕ್ಕೆ. ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹಾಕುತ್ತಾರೆ. ಕೈಬಳೆಗಳನ್ನು ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟುತ್ತಾರೆ. ಚಪ್ಪಲಿಯನ್ನೂ ಬಿಡುತ್ತಾರೆ.

ಬಾಗಿಲನ್ನು ಒಂದು ಗೇಣು ತೆರೆದು, ಕಣ್ಣು ಮುಚ್ಚಿ, ಅಂಗೈಯಿಂದ ತಳ್ಳುತ್ತಾರೆ. ದಬ್. ತಲೆ ಸ್ವಲ್ಪ ಓರೆಯಾಗುತ್ತದೆ. ಸದ್ದು ಪೂರ್ತಿ ಅಡಗುವ ತನಕ ಕಾಯುತ್ತಾರೆ. ಆಮೇಲೆ ಗಾಜಿನ ಕೆಳಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು. ಆ ಗೀಟು ಬಿದ್ದರೆ ಕಾರು ಲಾರಿ ಹತ್ತುತ್ತದೆ, ಬೀಳದಿದ್ದರೆ ಇಲ್ಲ.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಾಗಿಲಕ್ಕ ಎಂದು. ವಯಸ್ಸು ಐವತ್ತು ದಾಟಿದೆ. ಬಲಗೈ ಎಡಗೈಗಿಂತ ಎದ್ದು ಕಾಣುವಷ್ಟು ದಪ್ಪ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಾರು, ಕಾರಿಗೆ ನಾಲ್ಕು ಬಾಗಿಲು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರಗಳು ಶುರುವಾದ ಮೇಲೆ ಪಕ್ಕದವರ ಮಾತೂ ಕೇಳಿಸದು. ಹಾಗಾಗಿ ಊರು ಏಳುವ ಮೊದಲೇ ಅವರ ಕೆಲಸ ಮುಗಿಯಬೇಕು.

"ಮನೆಗೆ ಹೋದ್ಮೇಲೆ ಒಂದು ಬಾಗಿಲೂ ಹಾಕಲ್ಲಮ್ಮ ನಾನು. ಬಚ್ಚಲಿಗೂ ಪರದೆ ಕಟ್ಟಿದೀನಿ," ಎಂದು ಅವರ ಕೆಲಸ ನೋಡಿ ಬರೆಯಲು ಬಂದ ನನಗೆ ಹೇಳುತ್ತಾರೆ. ಗಂಡ ಬಣ್ಣದ ವಿಭಾಗದಲ್ಲಿದ್ದಾರಂತೆ, ಕಿವಿ ಮಂದವಂತೆ. "ದೇವರು ಜೋಡಿ ನೋಡಿಯೇ ಮಾಡಿದಾನೆ. ನಾನು ಬೈದ್ರೆ ಅವರಿಗೆ ಹಾಡಿದ ಹಾಗೆ."

ಊರಿನವರು ಈ ಕಾರ್ಖಾನೆಯನ್ನು ಕರೆಯುವುದು ಬೀರು ಕಂಪನಿ ಎಂದೇ. ಕಾರು ಮಾಡುವ ಮೊದಲು ಇಲ್ಲಿ ಬಟ್ಟೆ, ಒಡವೆ ಇಡುವ ಕಬ್ಬಿಣದ ಬೀರುಗಳನ್ನು ಮಾಡುತ್ತಿದ್ದರು. ದೊಡ್ಡ ಯಜಮಾನರಿಗೆ ಅದೇನು ಹುಕಿ ಹತ್ತಿತೋ, ಬೀರು ಮಾಡುವ ಶೆಡ್ಡಿನಲ್ಲೇ, ಬೀರಿನ ತಗಡಿನಲ್ಲೇ ಮೊದಲ ಕಾರು ಕಟ್ಟಿಸಿದರು. ಅದರ ಬಾಗಿಲು ಎಷ್ಟು ಭಾರವೆಂದರೆ ತೆರೆಯಲು ಎರಡು ಕೈ ಬೇಕಾಗುತ್ತಿತ್ತಂತೆ. ಚಕ್ರ ಹಾಕಿದ ಬೀರು ಎಂದು ಜನ ನಕ್ಕರು. ನಗುನಗುತ್ತಲೇ ಕೊಂಡರು. ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕ ಹೊರಗೇ ಉಳಿಯುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಹಳೆ ಕಾರು ಮಾರುವವರು ಇಂದಿಗೂ ಈ ಕಂಪನಿಯ ಕಾರನ್ನು ಗಿರಾಕಿಗೆ ತೋರಿಸುವಾಗ ಎಂಜಿನ್ ಚಾಲೂ ಮಾಡುವುದಿಲ್ಲ. ಬಾಗಿಲು ತೆಗೆದು ಹಾಕಿ, ಸುಮ್ಮನೆ ಗಿರಾಕಿಯ ಮುಖ ನೋಡುತ್ತಾರೆ.

ಯಜಮಾನರ ಮಗನ ಕಾಲಕ್ಕೆ ತಗಡು ತೆಳ್ಳಗಾಯಿತು. ಹೊಸ ಕಾರು ಅಗ್ಗವಾಗಿತ್ತು, ಚೆನ್ನಾಗಿ ಓಡುತ್ತಿತ್ತು. ಆದರೆ ಬಾಗಿಲು ಹಾಕಿದರೆ ಡಬ್ಬಿಯ ಮುಚ್ಚಳ ಬಿದ್ದ ಸದ್ದು. ಅಂಗಡಿಗೆ ಬಂದವರು ಒಂದು ಸಲ ಬಾಗಿಲು ಹಾಕಿ ನೋಡಿ, ಹೊರಟುಬಿಡುತ್ತಿದ್ದರು. ಹತ್ತಿರ ಹತ್ತಿರ ಕಂಪನಿಯ ಬಾಗಿಲೇ ಮುಚ್ಚುವ ಹಂತ ತಲುಪಿದಾಗ ಚಿಕ್ಕ ಯಜಮಾನರು ಬಾಗಿಲಿಗೆಂದೇ ಒಂದು ವಿಭಾಗ ತೆರೆದರು. ಆಗ ಬಾಗಿಲಕ್ಕ ರಬ್ಬರ್ ಪಟ್ಟಿ ಅಂಟಿಸುವ ಕಡೆ ಇದ್ದರು.

"ಕಿವಿ ನೋಡಿ ತಗೊಂಡ್ರು ಅಂತ ಎಲ್ಲಾ ಅಂತಾರೆ. ಸುಳ್ಳು. ತೋಳು ನೋಡಿ ತಗೊಂಡ್ರು. ಇಷ್ಟು ಬಾಗಿಲು ತಳ್ಳಬೇಕಲ್ಲ? ಕಿವಿ ಆಮೇಲೆ ಬಂತು, ಸೊಸೆ ಹಿಂದೆ ತವರಿನ ಬುದ್ಧಿ ಬಂದ ಹಾಗೆ."

ಆ ಕೆಲಸ ಆಗ ಇಬ್ಬರದು. ಬಾಗಿಲು ಹಾಕುವವರು ಒಬ್ಬರು, ಒಳಗೆ ಕೂರುವವರು ಒಬ್ಬರು. ಬಾಗಿಲು ಬಿಗಿಯಾದಷ್ಟೂ ಒಳಗಿನ ಗಾಳಿ ಕಿವಿಗೆ ಒತ್ತುತ್ತದೆ. ಅದು ಹಿತವೋ ನೋವೋ ಎಂದು ಹೊರಗೆ ನಿಂತವರಿಗೆ ಗೊತ್ತಾಗದು. ಒಳಗೆ ಕೂರಲು ಬಂದದ್ದು ಬಾಗಿಲಕ್ಕನ ಮೈದುನ, ಗಂಡನ ತಮ್ಮ. ಭಾರೀ ಆಳು. ಕಾರ್ಖಾನೆಯಲ್ಲಿ ಅವನ ಅಡ್ಡಹೆಸರು ಮೂಟೆ. ಕಿವಿಗೆ ನೋವಾದರೆ ಕೈ ಎತ್ತಬೇಕು, ಇಲ್ಲದಿದ್ದರೆ ಆ ಕಡೆಯ ಬಾಗಿಲಿನಿಂದ ಇಳಿದು ಮುಂದಿನ ಕಾರಿಗೆ ಹತ್ತಬೇಕು. ಇಷ್ಟೇ ಕೆಲಸ.

"ಅವನ ಬಾಯಿ ನೋಡಬೇಕಿತ್ತು ನೀನು. 'ಅತ್ತಿಗೆ, ಲೋಕದಲ್ಲಿ ಕೂತು ತಿನ್ನೋನನ್ನ ಬೈತಾರೆ, ನಂಗೆ ಕೂತಿದ್ದಕ್ಕೇ ಸಂಬಳ ಕೊಡ್ತಾರೆ' ಅನ್ನೋನು. ಎಷ್ಟೋ ದಿನ ಒಳಗೇ ನಿದ್ದೆ ಹೋಗ್ತಿದ್ದ. ಬಾಗಿಲು ಹಾಕಿದ ತಕ್ಷಣ ನಂಗೆ ಗೊತ್ತಾಗೋದು. ನಿದ್ದೆ ಹೋದ ಮನುಷ್ಯ ಒಳಗಿದ್ರೆ ಸದ್ದೇ ಬೇರೆ. ಗಾಜು ಬಡಿದು ಎಬ್ಬಿಸ್ತಿದ್ದೆ."

ಪ್ರತಿ ಕಾರಿನ ಮುಂಗಾಜಿನ ಮೇಲೆ ಅದು ಹೋಗುವ ಊರಿನ ಚೀಟಿ ಅಂಟಿಸಿರುತ್ತಾರೆ. ಮೈದುನ ಅದನ್ನು ಓದಿಕೊಂಡೇ ಹತ್ತುತ್ತಿದ್ದ. ಸಂಜೆ ಊಟಕ್ಕೆ ಕೂತಾಗ ಹೆಂಡತಿಗೆ ವರದಿ. ಇವತ್ತು ಬಂದರಿಗೆ ಹೋಗಿದ್ದೆ ಕಣೇ, ಇವತ್ತು ಗಡಿಯ ಊರಿಗೆ, ಇವತ್ತು ಹೆಸರು ಓದಲಿಕ್ಕೇ ಬಾರದ ಕಡೆಗೆ. ಇದನ್ನು ಹೇಳುತ್ತ ಬಾಗಿಲಕ್ಕ ಬಟ್ಟೆ ಹಿಂಡುತ್ತಾರೆ. "ಅಷ್ಟು ಸಾವಿರ ಕಾರಲ್ಲಿ ಕೂತ. ಒಂದೇ ಒಂದು ಕಾರು ಅವನನ್ನ ಕೂರಿಸ್ಕೊಂಡು ಒಂದು ಮಾರು ಮುಂದೆ ಹೋಗ್ಲಿಲ್ಲ."

ಮೈದುನ ತೀರಿಕೊಂಡದ್ದು ಹೋದ ವರ್ಷ, ಕಾರಿನಲ್ಲಲ್ಲ, ಮನೆಯ ಮಂಚದ ಮೇಲೆ, ಸಾಮಾನ್ಯ ಜ್ವರ ಎದೆಗಿಳಿದು. ಅವನ ಜಾಗಕ್ಕೆ ಹೊಸ ಆಳು ಬರಲಿಲ್ಲ. ಅವನಷ್ಟೇ ತೂಕದ ಮರಳಿನ ಚೀಲ ಬಂತು. ಮೂಟೆ ಹೋದ, ಮೂಟೆ ಬಂತು ಎಂದು ಯಾರೋ ಆಡಿಕೊಂಡರಂತೆ. ಬಾಗಿಲಕ್ಕ ಅದಕ್ಕೆ ನಗಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಜೊತೆಗೆ ಸದ್ದು ಅಳೆಯುವ ಒಂದು ಯಂತ್ರವೂ ಬಂತು. ಅದರ ಬಗ್ಗೆ ಅವರಿಗೆ ಬೇಸರವಿಲ್ಲ. "ನನಗಿಂತ ಚೆನ್ನಾಗೇ ಕೇಳಿಸ್ಕೊಳ್ಳುತ್ತೆ. ಶೀತ ಆಗಲ್ಲ, ಕಿವಿ ಕಟ್ಟಲ್ಲ. ಸುಳ್ಳು ಯಾಕೆ ಹೇಳಲಿ?"

ಸಾಲಿನ ಕೊನೆಯಲ್ಲಿ ಒಂದು ಬೂದು ಬಣ್ಣದ ಕಾರು ಬೇರೆಯಾಗಿ ನಿಂತಿದೆ. ಅದರ ಅಕ್ಕಪಕ್ಕ ಎರಡು ಕಾರು ನಿಲ್ಲುವಷ್ಟು ಜಾಗ ಖಾಲಿ. ಅಲ್ಲಿ ನಿಲ್ಲಿಸಬಾರದು ಎಂದು ಯಾರೂ ಹೇಳಿಲ್ಲವಂತೆ. ಆದರೂ ಯಾರೂ ನಿಲ್ಲಿಸುವುದಿಲ್ಲ. ಅದರ ಗಾಜಿನ ಮೇಲೆ ಗೀಟಿಲ್ಲ.

"ಮೊದಲು ಇದನ್ನ ಕೇಳು," ಎಂದು ಬಾಗಿಲಕ್ಕ ನನ್ನನ್ನು ಬೇರೊಂದು ಕಾರಿನ ಹತ್ತಿರ ನಿಲ್ಲಿಸುತ್ತಾರೆ. ಖಾಲಿ ಕಾರು. ದಬ್ ಎಂಬ ಸದ್ದಿನ ಹಿಂದೆ ಸಣ್ಣದೊಂದು ಗುಂಯ್ ಉಳಿಯುತ್ತದೆ. "ಬಾಲ ಇದೆಯಲ್ಲ, ಅದು ಖಾಲಿ ಕಾರು." ಮರಳಿನ ಚೀಲ ಇಟ್ಟು ಹಾಕುತ್ತಾರೆ. ಸದ್ದು ಕತ್ತರಿಸಿದ ಹಾಗೆ ನಿಲ್ಲುತ್ತದೆ. "ಇದು ಮರಳು." ಆಮೇಲೆ ನನ್ನನ್ನೇ ಒಳಗೆ ಕೂರಿಸಿ ಹಾಕುತ್ತಾರೆ. ಕಿವಿ ಮೆತ್ತಗೆ ಒತ್ತಿ ಬಿಡುತ್ತದೆ. ಹೊರಗಿನ ಹಕ್ಕಿಗಳು ನಿಂತೇ ಹೋಗುತ್ತವೆ. ನಾನು ಇಳಿದ ಮೇಲೆ ಹೇಳುತ್ತಾರೆ, "ಮನುಷ್ಯ ಒಳಗಿದ್ರೆ ಬಾಲ ಮುದುರ್ಕೊಳ್ಳುತ್ತೆ. ಯಾರೋ ಉಸಿರು ಒಳಗೆ ಎಳ್ಕೊಂಡ ಹಾಗೆ."

ಬೂದು ಕಾರಿನ ನಾಲ್ಕೂ ಬಾಗಿಲು ತೆರೆದು ತೋರಿಸುತ್ತಾರೆ. ಒಳಗೆ ಮರಳಿನ ಚೀಲವಿಲ್ಲ, ಏನೂ ಇಲ್ಲ. ಸೀಟಿನ ಪ್ಲಾಸ್ಟಿಕ್ ಕೂಡ ಸುಕ್ಕಿಲ್ಲದೆ ಹಾಗೇ ಇದೆ. ಒಂದೊಂದೇ ಬಾಗಿಲು ಮುಚ್ಚಿ, ಕೊನೆಯದನ್ನು ಒಂದು ಗೇಣು ಬಿಟ್ಟು ತಳ್ಳುತ್ತಾರೆ.

ನನ್ನ ಕಿವಿಗೆ ಈ ಕೆಲಸದ ಅಭ್ಯಾಸವಿಲ್ಲ. ಆದರೆ ಬಾಲ ಮುದುರಿಕೊಂಡು ಸದ್ದು ಅಡಗಿದಾಗ ನಾನು ಕಾರಿನಿಂದ ಎರಡು ಹೆಜ್ಜೆ ಹಿಂದೆ ಇದ್ದೆ. ಯಾವಾಗ ಸರಿದೆನೋ ತಿಳಿಯದು.

"ನಿದ್ದೆ ಮಾಡ್ತಿಲ್ಲ," ಎಂದರು ಬಾಗಿಲಕ್ಕ, ಮೆಲ್ಲಗೆ. "ಎಚ್ಚರವಾಗಿ ಕೂತಿದಾನೆ."

ಯಂತ್ರ ನೋಡಿಕೊಳ್ಳುವ ಎಂಜಿನಿಯರ್ ಇನ್ನೂ ಹುಡುಗಾಟದ ಮುಖದವರು. ಪರದೆಯ ಮೇಲೆ ಎರಡು ಗೆರೆ ತೋರಿಸಿ ವಿವರಿಸುತ್ತಾರೆ. ನನಗೆ ಅರ್ಥವಾದದ್ದು ಇಷ್ಟು: ಬೂದು ಕಾರಿನ ಗೆರೆ ಉಳಿದವುಗಳ ಹಾಗಿಲ್ಲ, ಆದರೆ ಮಿತಿಯೊಳಗಿದೆ, ಆದ್ದರಿಂದ ಪಾಸು. ಸೀಟು ಬಿಚ್ಚಿಸಿದ್ದಾರೆ, ನೆಲಹಾಸು ತೆಗೆಸಿದ್ದಾರೆ, ಬಾಗಿಲುಗಳನ್ನೇ ಬದಲಾಯಿಸಿ ನೋಡಿದ್ದಾರೆ. ತೆಗೆದ ಬಾಗಿಲುಗಳು ಬೇರೆ ಕಾರಿನಲ್ಲಿ ಸರಿಯಾಗಿಯೇ ಮುಚ್ಚುತ್ತವೆ. "ಒಳಗೆ ಏನೋ ಮೆತ್ತನೆಯದು ಇದ್ದ ಹಾಗೆ ಬರ್ತಿದೆ ಸದ್ದು. ಕಾರಣ ಸಿಗ್ತಿಲ್ಲ," ಎನ್ನುತ್ತಾರೆ. ಆಮೇಲೆ ಬಾಗಿಲಕ್ಕನಿಗೆ, "ಅಕ್ಕಾ, ನೀವು ಗೀಟು ಎಳೆದುಬಿಡಿ. ಮೇಲಿನವರ ಹತ್ರ ಇನ್ನು ಹೇಳೋಕೆ ನನ್ನ ಹತ್ರ ಏನೂ ಉಳಿದಿಲ್ಲ."

ಮೇಲಿನವರು ಹೇಳಿರುವುದು ಸ್ಪಷ್ಟವಾಗಿದೆ. ಈ ಬೆಳಗಿನ ಲಾರಿಗೆ ಬೂದು ಕಾರು ಹತ್ತಬೇಕು. ಬಾಗಿಲಕ್ಕ ಗೀಟು ಎಳೆಯದಿದ್ದರೆ ನಾಳೆಯಿಂದ ಯಂತ್ರ ಹೇಳಿದ್ದೇ ಕೊನೆಯ ಮಾತು, ಅವರು ಪ್ಯಾಕಿಂಗ್ ಕೋಣೆಗೆ. ಅದಕ್ಕೆ ಅವರಿಗೆ ಹೆದರಿಕೆಯಿದೆಯೇ ಎಂದು ಕೇಳುತ್ತೇನೆ.

"ಪ್ಯಾಕಿಂಗ್ ಕೋಣೇಲಿ ಫ್ಯಾನ್ ಇದೆ ಕಣಮ್ಮ. ಅದಲ್ಲ ವಿಷಯ. ಇಷ್ಟು ವರ್ಷದಲ್ಲಿ ಕಾರಣ ಹೇಳದೆ ಒಂದು ಕಾರೂ ನಿಲ್ಲಿಸಿಲ್ಲ. ರಬ್ಬರ್ ಪಟ್ಟಿ ಸಡಿಲ, ಚಿಲಕ ಬಿಗಿ, ಏನೋ ಒಂದು ಹೇಳ್ತಿದ್ದೆ. ಇದಕ್ಕೆ ಏನಂತ ಹೇಳಲಿ? ಗೀಟು ಎಳೆಯೋಣ ಅಂದ್ರೆ, ಇದನ್ನ ತಗೊಂಡಿರೋಳು ಒಬ್ಬ ನರ್ಸಂತೆ. ಎಲ್ಲೋ ದೂರದ ಊರು. ಹೊತ್ತಲ್ಲದ ಹೊತ್ತಲ್ಲಿ ಒಬ್ಬಳೇ ಓಡಿಸ್ಕೊಂಡು ಹೋಗೋಳು. ಅವಳ ಪಕ್ಕದ ಸೀಟು ಖಾಲಿ ಇದೆ ಅಂತ ನಾನು ಬರೆದುಕೊಟ್ಟ ಹಾಗಲ್ವಾ ಅದು?"

ಅವರ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ. ಎರಡು ಕೋಣೆ, ಮಧ್ಯೆ ಒಂದು ಅಡುಗೆಮನೆ. ಒಂದು ಕೋಣೆಯಲ್ಲಿ ಬಾಗಿಲಕ್ಕ ಮತ್ತು ಗಂಡ, ಇನ್ನೊಂದರಲ್ಲಿ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ನಿನ್ನೆ ಸಂಜೆ ನಾನು ಹೋದಾಗ ಓರಗಿತ್ತಿ ಅಕ್ಕಿ ಆರಿಸುತ್ತಿದ್ದರು. ಬೂದು ಕಾರಿನ ಸುದ್ದಿ ಅವರಿಗೂ ತಲುಪಿತ್ತು. ತಲೆ ಎತ್ತದೆ ಕೇಳಿದರು, "ಯಾವ ಊರಿಗಂತಕ್ಕ ಅದು?"

ಬಾಗಿಲಕ್ಕ ಊರಿನ ಹೆಸರು ಹೇಳಿದರು.

"ದೂರಾನಾ?"

"ದಾರೀಲಿ ಎರಡು ಕಡೆ ಮಲಗಿ ಹೋಗಬೇಕಂತೆ."

ಓರಗಿತ್ತಿ ಒಂದು ಕಲ್ಲು ಆರಿಸಿ ಹೊರಗೆಸೆದರು. "ಇದ್ದಾಗ್ಲೂ ಹಾಗೇ. ಸಿಕ್ಕ ಸಿಕ್ಕ ಕಾರಲ್ಲಿ ಕೂರೋದು, ಸಂಜೆ ಮನೆಗೆ ಬಂದು ಊರು ತಿರುಗಿದ ಕಥೆ ಹೇಳೋದು. ನಾನೇನು ಅಳಲ್ಲ ಬಿಡಿ. ಕೂತಿದ್ರೆ ಇಳೀಬೇಕು ಅಂತ ಹೇಳಿ. ಹೋಗೋದಾದ್ರೆ ಹೆಂಡತಿಗೆ ಒಂದು ಮಾತು ಹೇಳಿ ಹೋಗ್ಬೇಕು, ಬೇರೆಯವರ ಕಾರಲ್ಲಿ ಹಾಗೆ ಕದ್ದು ಹೋಗಬಾರದು." ಮೊರ ಕೊಡವುತ್ತ ಸೇರಿಸಿದರು, "ನಿಮ್ಮ ಮಾತು ಕೇಳ್ತಿದ್ರು ಅವರು. ನನ್ನ ಮಾತು ಯಾವಾಗ ಕೇಳಿದ್ರು?"



ಈಗ ಈ ಬೆಳಗಿನ ಕೊನೆಯ ಲಾರಿ ಬಂದಿದೆ. ಉಳಿದ ಕಾರುಗಳು ಒಂದೊಂದಾಗಿ ಹತ್ತಿ ನಿಂತಿವೆ. ಮೇಲಿನ ಸಾಲಿನಲ್ಲಿ ಒಂದು ಜಾಗ ಉಳಿದಿದೆ. ಲಾರಿಯ ಡ್ರೈವರ್ ಹಗ್ಗ ಹಿಡಿದು ಕಾಯುತ್ತ ಬೂದು ಕಾರನ್ನು ನೋಡುವುದಿಲ್ಲ, ತಮ್ಮ ಚಪ್ಪಲಿ ನೋಡುತ್ತಿದ್ದಾರೆ. "ಇದೊಂದು ಇಲ್ಲದೆ ಹೋದ್ರೂ ನಂಗೇನೂ ನಷ್ಟ ಇಲ್ಲಮ್ಮ," ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳುತ್ತಾರೆ. ಎಂಜಿನಿಯರ್ ಯಂತ್ರವನ್ನು ಹೊರಗೆ ತಂದೇ ಇಲ್ಲ. ಪಕ್ಕದ ಶೆಡ್ಡಿನ ಯಂತ್ರಗಳು ಶುರುವಾಗಲು ಇನ್ನು ಸ್ವಲ್ಪವೇ ಹೊತ್ತು. ಒಮ್ಮೆ ಅವು ಶುರುವಾದರೆ ಯಾವ ಬಾಗಿಲಿನ ಸದ್ದೂ ಯಾರಿಗೂ ಕೇಳದು.

ಬಾಗಿಲಕ್ಕ ಬೂದು ಕಾರಿನ ಎಡಬದಿಯ ಮುಂಬಾಗಿಲನ್ನು ಪೂರ್ತಿ ತೆರೆಯುತ್ತಾರೆ. ದಪ್ಪ ಆಳು ಇಳಿಯಲು ಬೇಕಾದಷ್ಟು ಅಗಲ. ತಾವು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ದಾರಿ ಬಿಡುವ ಹಾಗೆ.

"ಇಳಿಯಪ್ಪ," ಎನ್ನುತ್ತಾರೆ. ದನಿಯಲ್ಲಿ ಅಳುವೂ ಇಲ್ಲ, ಗದರಿಕೆಯೂ ಇಲ್ಲ. ಮನೆಯಲ್ಲಿ ಊಟಕ್ಕೆ ಕರೆದ ಹಾಗೆ. "ಇದು ಬೇರೆಯವರ ಗಾಡಿ. ಅವಳು ಮನೇಲಿ ಕಾಯ್ತಿದಾಳೆ. ಇಳಿ."

ಸೀಟಿನ ಪ್ಲಾಸ್ಟಿಕ್ ಚರಕ್ ಎನ್ನುತ್ತದೆ. ಬೆಳಗಿನ ಬಿಸಿಲು ಆಗಷ್ಟೇ ಅದರ ಮೇಲೆ ಬಿದ್ದಿದೆ, ಅದಕ್ಕೂ ಇರಬಹುದು. ಬಾಗಿಲಕ್ಕ ಕಾಯುತ್ತಾರೆ, ಒಬ್ಬ ಮನುಷ್ಯ ಒಂದು ಕಾಲು ಹೊರಗಿಟ್ಟು, ಚೌಕಟ್ಟು ಹಿಡಿದು, ಏದುಸಿರು ಬಿಟ್ಟು ಎದ್ದು ನಿಲ್ಲಲು ಹಿಡಿಯುವಷ್ಟು ಹೊತ್ತು. ಆಮೇಲೆ ಅಂಗೈಯನ್ನು ಬಾಗಿಲಿನ ಮೇಲಿಡುತ್ತಾರೆ. ತಳ್ಳುವುದಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ನಮ್ಮ ಕಡೆ ತಿರುಗುತ್ತಾರೆ. ಲಾರಿ ಡ್ರೈವರ್, ಎಂಜಿನಿಯರ್, ನಾನು.

"ನನ್ನ ಕೈಯಲ್ಲಿ ಆಗ್ತಿಲ್ಲ. ನಿಮ್ಮಲ್ಲಿ ಯಾರಾದ್ರೂ ಒಂದ್ಸಲ ಈ ಬಾಗಿಲು ಹಾಕಿ," ಎನ್ನುತ್ತಾರೆ. "ನಾನು ಕೇಳಿಸ್ಕೊಳ್ತೀನಿ."

ನಾವು ಮೂವರೂ ನಿಂತಲ್ಲೇ ನಿಂತಿದ್ದೇವೆ.