ಬೀಡಿ ಮಾಯ ಮಾಡುತ್ತಿದ್ದ ಅಂಕಯ್ಯ

ಮದ್ದೂರು ಸೀಮೆಯಲ್ಲಿ ಆ ಕಾಲಕ್ಕೆ ಹಾವು ಹಿಡಿಯುವವರಿದ್ದರು, ಕೆಂಡ ತುಳಿಯುವವರಿದ್ದರು. ಆದರೆ ಉರಿಯುವ ಬೀಡಿಯನ್ನು ಕಣ್ಣು ಮಿಟುಕಿಸುವುದರೊಳಗೆ ಮಾಯ ಮಾಡುವ ಮಹಾವಿದ್ಯೆ ಒಲಿದಿದ್ದದ್ದು ಗೆಜ್ಜಲಗೆರೆಯ ಅಂಕಯ್ಯನೊಬ್ಬನಿಗೇ. ಹಿರಿಯರ ತಲೆ ದೂರದಲ್ಲಿ ಕಂಡಿತೋ, ಬೀಡಿ ಅಂಗೈಯೊಳಗೆ ಅಡಗುತ್ತಿತ್ತು. ಇಲ್ಲವೇ ಬೆಂಕಿ ಒಳಮುಖವಾಗಿ ಬಾಯಲ್ಲೇ ಮಲಗುತ್ತಿತ್ತು. ಒಮ್ಮೆ ಪಟೇಲರು ಕುಶಲ ಕೇಳುತ್ತಾ ನಿಂತುಬಿಟ್ಟಾಗ ಅದು ರುಮಾಲಿನೊಳಗೆ ಸೇರಿತು. ನೆತ್ತಿಯಿಂದ ಹೊಗೆ ಏಳುತ್ತಿದ್ದರೂ ಅಂಕಯ್ಯನ ಮುಖದಲ್ಲಿ ತಪಸ್ವಿಯ ಶಾಂತಿ. ಪಟೇಲರು ಇವನಿಗೆ ಉಷ್ಣ ಜಾಸ್ತಿಯಾಗಿದೆಯೆಂದು, ತಲೆಗೆ ಹರಳೆಣ್ಣೆ ಹಚ್ಚಿಕೊಳ್ಳಲು ಹೇಳಿ ಹೋದರು.

ಈ ವೀರನಿಗೆ ಆಗಲೇ ಐವತ್ತರ ಹತ್ತಿರ. ಕಸುಬು, ಎತ್ತುಗಳ ಗೊರಸಿಗೆ ಲಾಳ ಹೊಡೆಯುವುದು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಗಾಡಿಗಳೆಲ್ಲ ಅವನ ಮನೆ ಮುಂದೆ ನಿಲ್ಲುತ್ತಿದ್ದವು. ಎತ್ತನ್ನು ಕೆಡವಿ ಕಾಲು ಕಟ್ಟುವ ಹೊತ್ತಿಗೆ ಅವನಿಗೆ ಕೆಮ್ಮು ಒತ್ತರಿಸಿ ಬರುತ್ತಿತ್ತು. ಎತ್ತು ಬಿದ್ದಲ್ಲಿಂದಲೇ ಕತ್ತು ತಿರುಗಿಸಿ, ಮೊದಲು ನೀನು ಸುಧಾರಿಸಿಕೋ ಎಂಬಂತೆ ನೋಡುತ್ತಿತ್ತು.

ಹೆಂಡತಿ ಪುಟ್ಟಮಾದಮ್ಮನಿಗೆ ಮಾತ್ರ ಇದು ತಮಾಷೆಯಾಗಿರಲಿಲ್ಲ. ಮಾವ ಇದೇ ಕೆಮ್ಮು ಕೆಮ್ಮಿ ಕೆಮ್ಮಿ ಹೋದದ್ದನ್ನು ಅವಳು ಸೊಸೆಯಾಗಿ ಬಂದ ವರ್ಷವೇ ಕಂಡಿದ್ದಳು. ಗಂಡನನ್ನು ಎಳೆದುಕೊಂಡು ಮದ್ದೂರಿನ ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಎದೆ ಬಡಿದು ನೋಡಿ, ಬೀಡಿ ಬಿಡದಿದ್ದರೆ ಮುಂದಿನ ಬೇಸಗೆ ಕಾಣುವುದು ಕಷ್ಟ ಎಂದರು. ಅಂಕಯ್ಯ ಹೊರಗೆ ಬಂದು, ಆ ಮಾತನ್ನು ಸಾವಧಾನವಾಗಿ ಯೋಚಿಸಲೆಂದೇ ಒಂದು ಬೀಡಿ ಹಚ್ಚಿದ. ವೈದ್ಯನಾಥಪುರಕ್ಕೆ ಕರೆದೊಯ್ದು ದೇವರ ಮುಂದೆ ಆಣೆ ಹಾಕಿಸಿದಳು. ಆಣೆ ಶಿಂಷಾ ಹೊಳೆಯ ದಡದವರೆಗೂ ಬಾಳಿತು. ದೇವರ ಮುಂದೆ ಬಿಟ್ಟದ್ದು ಚಟವನ್ನು, ಇದು ಚಟವಲ್ಲ, ಬರೀ ಒಂದು ಬೀಡಿ ಎಂದು ಅವನ ವಾದ.

ಆ ಹೊತ್ತಿಗೆ ಎದುರಿಗೆ ಯಾರೋ ಮುದುಕರು ಬಂದರು, ಬೀಡಿ ಮಾಯವಾಯಿತು. ಪುಟ್ಟಮಾದಮ್ಮ ನಿಂತಲ್ಲೇ ನಿಂತಳು. ಸಾವಿಗೂ ದೇವರಿಗೂ ಹೆದರದ ಗಂಡಸು ನರೆತ ತಲೆಗೆ ಹೆದರುತ್ತಾನಲ್ಲ!

ಮರುದಿನವೇ ಹಲಗೂರಿಗೆ ಹೋದಳು. ಅಲ್ಲಿ ಅಂಕಯ್ಯನ ಅಕ್ಕ ಬೆಳ್ಳಮ್ಮ ಇದ್ದಳು, ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ದಾರಿಯುದ್ದಕ್ಕೂ ಅಂಕಯ್ಯನಿಗಿಂತ ಜೋರಾಗಿ ಕೆಮ್ಮುತ್ತಾ ಇಬ್ಬರನ್ನೂ ಗೆಜ್ಜಲಗೆರೆಗೆ ತಂದು ಇಳಿಸಿತು. ಬೆಳ್ಳಮ್ಮ ಕಾಲು ನೆಲಕ್ಕಿಡುತ್ತಲೇ ಮೂಗರಳಿಸಿ, “ಯಾರ ಮನೇಲೋ ಕಾಳು ಸೀದೋಯ್ತಾ ಅದೆ ಕಣಮ್ಮಿ” ಅಂದಳು. ಆಮೇಲೆ ಜಗುಲಿಯ ಮೇಲೆ ಕೂತು, ಹೊಗೆಸೊಪ್ಪು ದವಡೆಗೆ ಒತ್ತಿಕೊಂಡು, ತಮ್ಮ ಲಾಳ ಹೊಡೆಯುವುದನ್ನು ಕಣ್ತುಂಬ ನೋಡತೊಡಗಿದಳು. ಏಳಲೇ ಇಲ್ಲ.

ಮೊದಮೊದಲು ಅಂಕಯ್ಯ ಗಳಿಗೆಗೊಮ್ಮೆ ಚೊಂಬು ಹಿಡಿದು ಕೆರೆ ಕಡೆಗೆ ಓಡಿದ. ತಮ್ಮನಿಗೆ ಹೊಟ್ಟೆ ಕೆಟ್ಟಿದೆಯೆಂದು ಅಕ್ಕ ಮರುಗಿ, ಮಜ್ಜಿಗೆಯಲ್ಲಿ ಮೆಂತ್ಯ ಕದಡಿ ಕದಡಿ ಕುಡಿಸಿದಳು. ಆ ಮೆಂತ್ಯದ ಕಹಿಗೆ ಹೆದರಿ ಕೆರೆ ದಾರಿ ಬಿಟ್ಟ. ಕೈ ಸುಮ್ಮಸುಮ್ಮನೆ ಸೊಂಟದ ಚೀಲಕ್ಕೆ ಹೋಗುತ್ತಿತ್ತು, ತುಟಿ ಏನನ್ನೋ ಬೇಡುತ್ತಿತ್ತು. ಎತ್ತಿಲ್ಲದಾಗಲೂ ಲಾಳದ ಮೊಳೆ ಕಚ್ಚಿಕೊಂಡು ಕೂತ. ಸಿಡುಕಿದ, ಊಟ ಬಿಟ್ಟ, ಆಮೇಲೆ ಎರಡರಷ್ಟು ಉಂಡ. ಸುಗ್ಗಿಯ ಹೊತ್ತಿಗೆ ಕೆಮ್ಮು ಕಡಿಮೆಯಾಯಿತು. ಡಾಕ್ಟರು ಹೇಳಿದ್ದ ಬೇಸಗೆಯೂ ಬಂತು, ಹೋಯಿತು.

ಅಂಕಯ್ಯ ಇಂದ್ರಿಯ ಗೆದ್ದನೆಂದು ಗಾಡಿಯವರು ಮಂಡ್ಯದವರೆಗೂ ಸುದ್ದಿ ಹೇರಿದರು.

ಅಷ್ಟರಲ್ಲಿ ಬೆಳ್ಳಮ್ಮನ ಕಣ್ಣಿಗೆ ಪೊರೆ ಬಂತು. ಎದುರಿಗಿದ್ದದ್ದು ಎತ್ತೋ ತಮ್ಮನೋ ತಿಳಿಯದಷ್ಟು ಮಂಜಾಯಿತು. ಪುಟ್ಟಮಾದಮ್ಮನಿಗೆ ತಕ್ಷಣ ಅರ್ಥವಾಯಿತು. ಕಾವಲು ಮುಗಿದಿತ್ತು.

ಅದನ್ನು ಅವಳಷ್ಟೇ ಬೇಗ ಲೆಕ್ಕ ಹಾಕಿದವನು ಲಾಳ ಬಡಿದುಕೊಡುವ ಮೆಹಬೂಬ್ ಪಾಷಾ, ಅಂಕಯ್ಯನ ಹಳೆಯ ಹೊಗೆಯ ಜೊತೆಗಾರ. ಮದ್ದೂರಿನಿಂದ ಹೊಸ ಬೀಡಿಯ ಕಟ್ಟನ್ನೇ ತಂದು, ಅಂಗಳದಲ್ಲಿ ಗಾಡಿಯವರೆಲ್ಲರ ಎದುರಿಗೆ ಒಂದನ್ನು ಹೊರಗೆಳೆದು ನೀಡಿದ. “ತಗಳ್ಲಾ. ಅಕ್ಕಂಗೆ ಕಾಣಾಕಿಲ್ಲ. ಇನ್ಯಾರ ಭಯ?”

ಪುಟ್ಟಮಾದಮ್ಮ ಬಾಗಿಲ ಹಿಂದಿನಿಂದ ಇಣುಕಿದಳು. ಅಂಕಯ್ಯ ಬೀಡಿ ತೆಗೆದುಕೊಂಡ. ಬೆರಳಲ್ಲಿ ಉರುಳಿಸಿದ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಅದನ್ನು ಪಾಷಾನ ಕಿವಿಯ ಸಂದಿಗೆ ಸಿಕ್ಕಿಸಿ, ಸುತ್ತಿಗೆ ಎತ್ತಿಕೊಂಡ.

ಗಾಡಿಯವರು ತಲೆದೂಗಿದರು. ಪಾಷಾ ಎದ್ದುನಿಂತು, ಇಂಥ ಮನುಷ್ಯನ ಕೈಲಿ ಲಾಳ ಹೊಡೆಸಿಕೊಳ್ಳಲು ಎತ್ತುಗಳು ಪುಣ್ಯ ಮಾಡಿರಬೇಕು, ಮನಸ್ಸನ್ನು ಹೀಗೆ ಕಟ್ಟಿದ ಗುಟ್ಟು ನಮಗೂ ಹೇಳಬೇಕು ಎಂದು ಕೈಮುಗಿದ.

ಅಂಕಯ್ಯ ಜಗುಲಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ: “ಕಣ್ಣು ಓಗ್ಯದೆ, ಸರಿ ಕಣ್ಲಾ. ಮೂಗು ನೆಟ್ಟಗದೆ.”